ರೊಟ್ಟಿಗೆ ಹತ್ತಿದ ಹೊಗೆ

ಅಕ್ಕನ ಕಾರಿನ ಸೈಲೆನ್ಸರಿಗೆ ಎಣ್ಣೆ ಡಬ್ಬಿಯ ತಗಡು ಸುತ್ತಿ, ತಂತಿ ಬಿಗಿದು, ಮೇಲೆ ಪೇಸ್ಟ್ ಮೆತ್ತಿ ಕಳಿಸಿದವನು ನಾನೇ. ಇದು ಎಂಟು ದಿನ ನಡೆಯುತ್ತದೆ, ಅಷ್ಟರೊಳಗೆ ಗಾಡಿ ತಂದು ಬಿಡು, ಹೊಸದು ಹಾಕುತ್ತೇನೆ ಎಂದು ಹೇಳಿದ್ದೆ. ಅವಳು ತರಲಿಲ್ಲ. ನಾನು ಕೇಳಲಿಲ್ಲ. ಮಳೆಗಾಲ ಮುಗಿದು ಮತ್ತೆ ಮದುವೆಯ ದಿನಗಳು ಶುರುವಾದರೂ ಆ ತಗಡು ಅಲ್ಲೇ ಇತ್ತು. ಅದರಿಂದ ಏನಾಯಿತು ಎನ್ನುವುದನ್ನು ಬರೆಯಲು ಕೂತಿದ್ದೇನೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಬರೆದು ರೂಢಿಯಿಲ್ಲ. ಆದರೆ ಬಾಯಿಂದ ಹೇಳಲು ಹೋದಾಗಲೆಲ್ಲ ಸಿಟ್ಟು ಬಂದು ಮಾತು ಅರ್ಧಕ್ಕೇ ನಿಂತಿದೆ.

ನನ್ನ ಗ್ಯಾರೇಜು ಗದಗಕ್ಕೆ ಅಂಟಿದ ಬೆಟಗೇರಿಯಲ್ಲಿದೆ. ಅಕ್ಕ ಲಕ್ಷ್ಮೇಶ್ವರದಲ್ಲಿ ಜೋಳದ ಕಡಕ್ ರೊಟ್ಟಿ ಮಾಡಿಸಿ ಮಾರುತ್ತಾಳೆ. ಶಿರಹಟ್ಟಿಯ ಅಂಗಡಿಗಳಿಗೆ, ಗದಗದ ಒಂದು ದೊಡ್ಡ ಖಾನಾವಳಿಗೆ, ಮದುವೆ ಇದ್ದರೆ ಮದುವೆ ಮನೆಗೆ ಅವಳ ರೊಟ್ಟಿ ಹೋಗುತ್ತದೆ. ಸಾಗಿಸಲು ಒಂದು ಹಳೆಯ ಪೆಟ್ರೋಲ್ ಕಾರು ಇಟ್ಟಿದ್ದಾಳೆ. ಅದರ ಹಿಂದಿನ ಸೀಟು ಬಿಚ್ಚಿ, ನೆಲಕ್ಕೆ ಪ್ಲೈವುಡ್ ಹಲಗೆ ಹಾಸಿಕೊಟ್ಟವನೂ ನಾನೇ. ಸೀಟಿನ ಬೋಲ್ಟುಗಳು ಕೂತಿದ್ದ ಕಡೆ ನೆಲದ ತಗಡಿನಲ್ಲಿ ತೂತು ಉಳಿದಿದ್ದವು. ಅವಕ್ಕೆ ರಬ್ಬರ್ ಬಿರಡೆ ಹಾಕಬೇಕು ಎಂದು ನನಗೆ ಗೊತ್ತಿತ್ತು. ಮೇಲೆ ಹಲಗೆ ಬರುತ್ತದಲ್ಲ ಎಂದು ಹಾಗೇ ಬಿಟ್ಟೆ.

ತಗಡು ಸುತ್ತಿದ ಜಾಗ ಸರಿಯಾಗಿ ಆ ತೂತುಗಳ ಕೆಳಗೇ ಇತ್ತು. ಇದನ್ನು ಆಗಲೇ ನೋಡಿದ್ದೆ.

ಯಾಕೆ ಕೇಳಲಿಲ್ಲ ಎಂದರೆ ಅಕ್ಕನ ಮೇಲೆ ನನಗೆ ಸಿಟ್ಟಿತ್ತು. ಅವಳ ಕೆಲಸ ಯಾವಾಗಲೂ ನಿಂತ ಕಾಲ ಮೇಲೆ. ಗಿರಾಕಿಯ ಗಾಡಿ ಬದಿಗೆ ಸರಿಸಿ ಅವಳದ್ದನ್ನು ಮೊದಲು ಮಾಡಬೇಕು. ಮಾಡಿಕೊಟ್ಟ ಮೇಲೆ, ನಿನ್ನದೇನು ಮಹಾ ಕೆಲಸ, ಪಾನಾ ತಿರುಗಿಸುವುದು ಎನ್ನುತ್ತಾಳೆ. ಆ ಮಾತು ನನ್ನೊಳಗೆ ಮುಳ್ಳಿನಂತೆ ಮುರಿದು ಕೂತಿತ್ತು. ತಾನಾಗಿ ಬಂದು ಕೇಳಲಿ, ಆಗ ನೋಡೋಣ ಎಂದು ಸುಮ್ಮನಿದ್ದೆ. ಅವಳಿಗೂ ಪುರಸೊತ್ತಿರಲಿಲ್ಲ. ಕಾರು ಓಡುತ್ತಿತ್ತು, ಸಪ್ಪಳ ಅಷ್ಟೇನೂ ಇರಲಿಲ್ಲ. ಪೇಸ್ಟು ಉದುರಿ ತಗಡು ಸೀಳಿದ್ದು ಯಾರಿಗೂ ಗೊತ್ತಾಗಲಿಲ್ಲ.

ಅಕ್ಕನ ಮನೆಯಲ್ಲಿ ರೊಟ್ಟಿ ಬಡಿಯುವವರು ಮೂವರು. ಅವರಲ್ಲಿ ಹಿರಿಯಳನ್ನು ಎಲ್ಲರೂ ರೊಟ್ಟೆವ್ವ ಎಂದೇ ಕರೆಯುತ್ತಾರೆ. ಒಲೆಯೊಳಗೆ ಯಾವ ಕಟ್ಟಿಗೆ ಎಷ್ಟು ಇರಬೇಕು ಎನ್ನುವುದೆಲ್ಲ ಆಕೆಯದೇ ಹುಕುಂ. ಗಾಡಿ ಹೊರಟಾಗ ಹಿಂದೆ ಹಲಗೆಯ ಮೇಲೆ ಕೂತು, ರೊಟ್ಟಿಯ ಪೆಂಡಿಗಳನ್ನು ತೊಡೆಗೆ ಆನಿಸಿ ಹಿಡಿದುಕೊಳ್ಳುವುದೂ ಆಕೆಯ ಕೆಲಸ. ಕಡಕ್ ರೊಟ್ಟಿ ತಗ್ಗಿನಲ್ಲಿ ಒಮ್ಮೆ ಜಿಗಿದರೆ ಪುಡಿಯಾಗುತ್ತದೆ. ಧೂಳು ಬರಬಾರದೆಂದು ಹಿಂದಿನ ಗಾಜು ಏರಿಸಿ, ಮುಂದಿನ ಸೀಟಿಗೂ ಹಿಂದಕ್ಕೂ ನಡುವೆ ಒಂದು ಪರದೆ ಕಟ್ಟಿದ್ದರು. ಅಕ್ಕ ಮುಂದೆ ಕೂತು ತನ್ನ ಗಾಜು ಇಳಿಸಿಕೊಂಡು ಓಡಿಸುತ್ತಿದ್ದಳು.

ರೊಟ್ಟೆವ್ವ ಶಿರಹಟ್ಟಿಯಲ್ಲಿ ಗಾಡಿಯಿಂದ ಇಳಿದು ವಾಂತಿ ಮಾಡಿಕೊಂಡಳು ಎಂದು ಅಕ್ಕ ಒಮ್ಮೆ ಫೋನಿನಲ್ಲಿ ಹೇಳಿದ್ದಳು. ಪಿತ್ತ ಏರಿದೆ, ಹೊಟ್ಟೆಗೆ ಸರಿಯಾಗಿ ತಿನ್ನುವುದಿಲ್ಲ ಎಂದು ಬೈದುಕೊಂಡಿದ್ದಳು. ಮುಂದಿನ ವಾರವೂ ಹಾಗೇ ಆಯಿತೆಂದಳು. ಆಗ ನನಗೆ ತಗಡು ನೆನಪಾಯಿತು. ತೂತೂ ನೆನಪಾಯಿತು. ಇಂಥ ಸಣ್ಣ ಸೋರಿಕೆಗೆ ಏನಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಫೋನು ಇಟ್ಟೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬಾರದು, ಆ ಹೊಗೆ ತಲೆಗೇರಿ ಜೀವ ತೆಗೆಯುತ್ತದೆ ಎಂದು ಕೆಲಸ ಕಲಿಯುವಾಗ ಬೈಗುಳ ತಿಂದು ಕಲಿತವನು ನಾನು.

ಒಂದು ದಿನ ಬೆಳಿಗ್ಗೆ ಅಕ್ಕ ಫೋನ್ ಮಾಡಿ, ಖಾನಾವಳಿಯ ಮುಂದೆ ಕಾರು ಚಾಲೂ ಆಗುತ್ತಿಲ್ಲ, ಬಾ ಎಂದಳು. ಬ್ಯಾಟರಿಯ ತಂತಿ ಸಡಿಲಾಗಿತ್ತು, ಬಿಗಿದುಕೊಟ್ಟೆ. ಅಷ್ಟರಲ್ಲಿ ಒಳಗಿನಿಂದ ಮಾಲಕರು ಕರೆದರು. ಅಕ್ಕ, ರೊಟ್ಟೆವ್ವ, ನಾನು ಮೂವರೂ ಹೋದೆವು. ಊಟದ ಹೊತ್ತಾಗಿರಲಿಲ್ಲವಾದರೂ ಐದಾರು ಮಂದಿ ಕೂತಿದ್ದರು. ಮಾಲಕರು ಆಗಷ್ಟೇ ತಂದ ಪೆಂಡಿಯಿಂದ ಒಂದು ರೊಟ್ಟಿ ಮುರಿದು ಅಕ್ಕನ ಮೂಗಿನ ಹತ್ತಿರ ಹಿಡಿದರು. ಮೂರು ಸಲ ಹೇಳಿದೆ, ಹೊಗೆ ನಾರುತ್ತದೆ, ಜನ ತಾಟಿನಲ್ಲೇ ಬಿಟ್ಟು ಏಳುತ್ತಾರೆ ಎಂದರು. ಮೂಲೆಯಲ್ಲಿ ಕೂತಿದ್ದ ಒಬ್ಬ, ರೊಟ್ಟಿ ಜೋಡಿ ಬೀಡಿ ಪುಕ್ಕಟೆಯೋ ಎಂದು ಕೇಳಿದ. ಎಲ್ಲರೂ ನಕ್ಕರು.

ನಾನೂ ಒಂದು ಚೂರು ಎತ್ತಿ ಮೂಸಿದೆ. ಕಟ್ಟಿಗೆಯ ಹೊಗೆಗೂ ಪೆಟ್ರೋಲಿನ ಹೊಗೆಗೂ ಇರುವ ಅಂತರ ನನ್ನ ಮೂಗಿಗೆ ಗೊತ್ತಾಗದಿದ್ದರೆ ಇನ್ನಾರಿಗೆ ಗೊತ್ತಾಗಬೇಕು? ಅದು ನನ್ನ ತಗಡಿನ ಸೀಳಿನಿಂದ ಬಂದ ಹೊಗೆಯೇ.

ಅಕ್ಕ ರೊಟ್ಟೆವ್ವನ ಕಡೆ ತಿರುಗಿದಳು. ನಮ್ಮ ಕಡೆ ರೊಟ್ಟಿ ಹೊಗೆ ನಾತ ಹೊಡೆದರೆ ಒಲೆ ಬಿಟ್ಟು ಬೇರೆ ಕಡೆ ಯಾರ ಲಕ್ಷ್ಯವೂ ಹೋಗುವುದಿಲ್ಲ. ಒಲೆ ಎಂದರೆ ಒಲೆಯ ಮುಂದೆ ಕೂತವಳು. ಹಸಿ ಹತ್ತಿಕಟ್ಟಿಗೆ ಒಟ್ಟಿರುತ್ತೀ, ಕಣ್ಣು ಮಂಜಾಗಿದೆ, ಹಂಚು ತೊಳೆಯುವುದಿಲ್ಲ ಎಂದು ಒಂದೊಂದೇ ಹೇಳುತ್ತಾ ಹೋದಳು. ರೊಟ್ಟೆವ್ವ ಒಂದೇ ಮಾತು ಹೇಳಿದಳು.

"ನನ್ನ ಒಲ್ಯಾಗ ಹೊಗಿ ಇಲ್ಲವಾ. ಬೇಕಾದ್ರ ಮನಿಗಿ ಬಂದು ನೋಡಂತ ಹೇಳು ಇವರಿಗಿ."

"ನಾಳಿಂದ ನೀ ಬರಬ್ಯಾಡ," ಎಂದಳು ಅಕ್ಕ.

ಅಷ್ಟು ಜನರ ಮುಂದೆ ಹೇಳಿದಳು. ನಾನು ಪಕ್ಕದಲ್ಲೇ ನಿಂತಿದ್ದೆ, ಕೈಯಲ್ಲಿ ಆ ಚೂರು ಇತ್ತು. ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ಎಲ್ಲರೂ ನನ್ನನ್ನು ನೋಡುತ್ತಿದ್ದರು. ಬೆಟಗೇರಿಯ ಮೇಸ್ತ್ರಿ ಸ್ವಂತ ಅಕ್ಕನ ಗಾಡಿಗೆ ಡಬ್ಬಿಯ ತಗಡು ಸುತ್ತಿದ್ದಾನೆ ಎನ್ನುತ್ತಿದ್ದರು. ಅದೊಂದನ್ನು ತಪ್ಪಿಸಿಕೊಳ್ಳಲು ಆ ಹೆಣ್ಣುಮಗಳ ಕೈಯ ಹೆಸರು ಕೆಡುವುದನ್ನು ನೋಡುತ್ತಾ ನಿಂತೆ. ರೊಟ್ಟಿ ಬಡಿಯುವವರಿಗೆ ಕೈಯ ಹೆಸರೇ ಎಲ್ಲ. ಅದು ಹೋದರೆ ಲಕ್ಷ್ಮೇಶ್ವರದಲ್ಲಿ ಇನ್ನೊಂದು ಮನೆ ಕರೆಯುವುದಿಲ್ಲ.

ಹೊರಗೆ ಬಂದ ಮೇಲೆ ಅಕ್ಕ ನನ್ನನ್ನು ಬದಿಗೆ ಕರೆದಳು. ನಾಡಿದ್ದು ಮುಂಡರಗಿಯಲ್ಲಿ ಮದುವೆ, ರೊಟ್ಟಿ ಹೋಗಬೇಕು, ನಾಳೆಯೇ ನಿನ್ನ ಹೆಂಡತಿಯನ್ನು ಕಳಿಸು, ಹಿಂದೆ ಕೂತು ಪೆಂಡಿ ಹಿಡಿಯಲು ನಂಬಿಕೆಯವರು ಬೇಕು ಎಂದಳು.

ಆ ಮಾತು ಮುಗಿಯುವ ಮೊದಲೇ ನಾನು ಹೇಳಿದೆ: ಕಾರು ಇಲ್ಲೇ ಬಿಟ್ಟು ಹೋಗು, ಸೈಲೆನ್ಸರ್ ಬದಲು ಮಾಡುತ್ತೇನೆ.

ತಿಂಗಳುಗಟ್ಟಲೆ ಬಾರದ ಅವಸರ ಒಂದೇ ಉಸಿರಿಗೆ ಬಂದಿತ್ತು. ಯಾಕೆ ಈಗ ಎಂದು ಅಕ್ಕ ಕೇಳಲಿಲ್ಲ. ಅವಳೂ ರೊಟ್ಟೆವ್ವನೂ ಲಕ್ಷ್ಮೇಶ್ವರದ ಬಸ್ಸು ಹಿಡಿದು ಹೋದರು. ನಾನು ಕಾರನ್ನು ಬೆಟಗೇರಿಗೆ ತಂದೆ. ಬರುವಾಗ ಎಲ್ಲ ಗಾಜು ಇಳಿಸಿದ್ದೆ.

ಬಿಸಿ ಪೈಪಿಗೆ ಕೈ ಹಾಕಬಾರದು. ಆರುವವರೆಗೆ ಕಾದು, ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ನಾಲ್ಕೂ ಕಡೆ ಸ್ಟ್ಯಾಂಡು ಇಟ್ಟು ಕೆಳಗೆ ಮಲಗಿದೆ. ನನ್ನ ತಗಡು ಮೊದಲು ಕಣ್ಣಿಗೆ ಬಿತ್ತು. ತಂತಿ ತುಕ್ಕು ತಿಂದು ಅರ್ಧ ಉಳಿದಿತ್ತು. ಸೀಳು ಬೆರಳು ತೂರುವಷ್ಟಾಗಿತ್ತು. ಅಲ್ಲಿಂದ ಮೇಲಕ್ಕೆ, ನೆಲದ ತಗಡಿನ ಮೇಲೆ ಬೀಸಣಿಗೆ ಬಿಚ್ಚಿದಂತೆ ಮಸಿ ಹರಡಿ, ಸೀದಾ ಬೋಲ್ಟಿನ ತೂತಿಗೆ ಹೋಗಿ ಸೇರಿತ್ತು. ಹೊರಬಂದು ಹಲಗೆ ಎತ್ತಿ ನೋಡಿದೆ. ಅದರ ಕೆಳಮೈಯಲ್ಲಿ ತೂತಿನ ಅಳತೆಯ ಕಪ್ಪು ಗುಂಡುಗಳು ಮೂಡಿದ್ದವು. ರೊಟ್ಟೆವ್ವ ಕೂರುತ್ತಿದ್ದ ಜಾಗವದು.

ಅಲ್ಲಿಂದ ಮುಂದೆ ನಾನು ಮಾಡಿದ್ದೆಲ್ಲ ಸಿಟ್ಟಿನಲ್ಲೇ ಮಾಡಿದ್ದು. ಸಿಟ್ಟಿನಲ್ಲಿ ಸೈಲೆನ್ಸರ್ ಬಿಚ್ಚಬಾರದು. ಹಳೆಯ ಗಾಡಿಯ ನಟ್ಟು ಸಾವಿರ ಸಲ ಕಾದು ಆರಿ, ತಾನು ಕೂತ ಎಳೆಯ ಕಡ್ಡಿಗೆ, ಅಂದರೆ ಸ್ಟಡ್ಡಿಗೆ, ಅಂಟಿಕೊಂಡಿರುತ್ತದೆ. ಬ್ರಷ್ ಹಾಕಿ ತುಕ್ಕು ಕೆರೆದು, ಎಣ್ಣೆ ಬಿಟ್ಟು, ಅದು ಎಳೆಯೊಳಗೆ ಇಳಿಯುವವರೆಗೆ ಬೇರೆ ಕೆಲಸ ನೋಡಬೇಕು. ಬರದಿದ್ದರೆ ನಟ್ಟನ್ನು ಕೆಂಪಗೆ ಕಾಯಿಸಿ, ಮೇಣದ ಬತ್ತಿ ಮುಟ್ಟಿಸಿ, ಮೇಣ ಒಳಗೆ ಎಳೆದುಕೊಂಡ ಮೇಲೆ ಮೆಲ್ಲಗೆ ಹಿಂದೆ ಮುಂದೆ ಆಡಿಸಬೇಕು. ಪೆಟ್ರೋಲ್ ಟ್ಯಾಂಕಿನ ಹತ್ತಿರದ ನಟ್ಟಿಗೆ ಬೆಂಕಿ ಹಿಡಿಯಲೇಬಾರದು, ಅಲ್ಲಿ ಗರಗಸವೇ ಗತಿ. ಇದೆಲ್ಲ ಗೊತ್ತಿದ್ದವನು ಎಣ್ಣೆ ಬಿಟ್ಟ ಮರುಕ್ಷಣವೇ ಪಾನಾಕ್ಕೆ ಉದ್ದನೆಯ ಪೈಪು ತೊಡಿಸಿ ಜಗ್ಗಿದೆ.

ಸೈಲೆನ್ಸರಿನ ಹಿಂದಿನ ಡಬ್ಬಿಯ ನಟ್ಟುಗಳು ಬಂದವು. ನಡುವಿನ ಪೈಪು ಮುಂದಿನ ಪೈಪಿನೊಳಗೆ ಕೂತ ಜಾಗದಲ್ಲಿ ಎರಡೂ ಒಂದಾಗಿಬಿಟ್ಟಿದ್ದವು. ಸುತ್ತಿಗೆಯಿಂದ ಬಡಿದೆ. ಮುಂದಿನ ಪೈಪಿಗೇ ಬಿರುಕು ಬಂತು. ಅಂದರೆ ಎಂಜಿನ್ನಿನ ಬಾಯಿಗೆ ಹತ್ತಿದ್ದ ಆ ಪೈಪನ್ನೂ ಬಿಚ್ಚಬೇಕು. ಅಲ್ಲಿ ಮೂರು ಸ್ಟಡ್ಡು. ಎರಡು ಬಂದವು. ಮೂರನೆಯದು ಒಂದು ಸುತ್ತು ಬೆಣ್ಣೆಯಂತೆ ತಿರುಗಿತು. ಹಾಗೆ ಮೆತ್ತಗೆ ತಿರುಗಿತೆಂದರೆ ಎಳೆ ಬಿಡುತ್ತಿಲ್ಲ, ಸ್ಟಡ್ಡೇ ತಿರುಚುತ್ತಿದೆ ಎಂದರ್ಥ. ಅಲ್ಲಿಗೆ ನಿಲ್ಲಿಸಬೇಕಿತ್ತು. ಇನ್ನೊಮ್ಮೆ ಜಗ್ಗಿದೆ, ಕಟಕ್ಕನೆ ಮುರಿದು ತುಂಡು ಒಳಗೇ ಉಳಿಯಿತು. ಹೊರಬಂದು ಪಾನಾ ಎಸೆದೆ, ಅದು ಹೋಗಿ ನನ್ನದೇ ಕುರ್ಚಿಯ ಕಾಲು ಮುರಿಯಿತು.

ಪಕ್ಕದ ಪಂಕ್ಚರ್ ಅಂಗಡಿಯವ ಟ್ಯೂಬು ನೀರಿನಲ್ಲಿ ಅದ್ದುತ್ತಾ, ಸಿಟ್ಟು ಗಾಡಿ ಮೇಲೋ ಗಾಡಿಯ ಮಾಲಕರ ಮೇಲೋ ಎಂದು ಕೇಳಿದ. ಅವನಿಗೂ ಬೈದೆ.

ಮುರಿದ ಸ್ಟಡ್ಡು ತೆಗೆಯುವುದು ತಾಳ್ಮೆಯ ಕೆಲಸ. ಸರಿಯಾಗಿ ನಡುವೆ ಪಂಚ್ ಹೊಡೆದು ಗುರುತು ಮಾಡಿ, ಡ್ರಿಲ್ಲಿಗೆ ಮೊದಲು ಸಣ್ಣ ಬಿಟ್, ಆಮೇಲೆ ದೊಡ್ಡದು ಹಾಕಿ ಕೊರೆದು, ಉಳಿದ ಚಿಪ್ಪನ್ನು ಎಬ್ಬಿಸಿ, ಟ್ಯಾಪು ಹಾಕಿ ಹೊಸ ಎಳೆ ಮಾಡಬೇಕು. ಕೂದಲೆಳೆಯಷ್ಟು ಬದಿಗೆ ಹೋದರೂ ಎಂಜಿನ್ನಿನ ಕಡೆಯ ಲೋಹವೇ ಹಾಳು. ಮೊದಲ ಬಿಟ್ ಅನ್ನೇ ಮುರಿದೆ. ಅಂಗಡಿ ಮುಚ್ಚಿ ಮನೆಗೆ ಹೋದೆ. ಹೆಂಡತಿಗೆ, ನಾಳೆ ಲಕ್ಷ್ಮೇಶ್ವರಕ್ಕೆ ಹೋಗಬೇಕಂತೆ, ಆದರೆ ನಾನು ಹೇಳುವವರೆಗೆ ಹೊರಡಬೇಡ ಎಂದಷ್ಟೇ ಹೇಳಿದೆ.

ಮರುದಿನ ಬೆಳಿಗ್ಗೆ ತಣ್ಣಗಿನ ಕೈಯಿಂದ ಕೊರೆದೆ, ಸ್ಟಡ್ಡು ಬಂತು. ಹೊಸ ಸೆಟ್ಟು ತರಲು ಗದಗದ ಸ್ಪೇರ್ ಅಂಗಡಿಗೆ ಹೋದೆ. ಈ ಗಾಡಿಯದ್ದು ಈಗ ಯಾರು ಕೇಳುತ್ತಾರೆ ಎಂದು ಗೊಣಗುತ್ತಾ ಅಟ್ಟದಿಂದ ಇಳಿಸಿಕೊಟ್ಟರು. ತಂದು ಹಿಡಿದು ನೋಡಿದರೆ ಮುಂದಿನ ಪೈಪಿನ ತಟ್ಟೆಗೆ ಎರಡೇ ತೂತು, ಎಂಜಿನ್ನಿನ ಕಡೆ ಮೂರು ಸ್ಟಡ್ಡು. ತಿರುಗಿ ಹೋದೆ. ನೀನೇ ಸರಿಯಾಗಿ ಹೇಳಲಿಲ್ಲ ಎಂದರು. ಮೂರು ತೂತಿನದು ಅವರಲ್ಲಿ ಇರಲಿಲ್ಲ, ತರಿಸಬೇಕು ಎಂದರು. ಕೊನೆಗೆ ಪೈಪಿಗೂ ಎಂಜಿನ್ನಿಗೂ ನಡುವೆ ಕೂರುವ ಹಳೆಯ ಪ್ಯಾಕಿಂಗನ್ನೇ ಅಳತೆಗೆ ಇಟ್ಟು, ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ಪಟ್ಟಿಯಿಂದ ಮೂರು ತೂತಿನ ತಟ್ಟೆ ಕತ್ತರಿಸಿ, ಹೊಸ ಪೈಪಿಗೆ ಬೆಸುಗೆ ಹಾಕಿಸಿದೆ. ಬೆಸುಗೆ ಆರಿದ ಮೇಲೆ ತಟ್ಟೆಯ ಮೈಯನ್ನು ಕಾನಸಿನಿಂದ ಉಜ್ಜಿ ಉಜ್ಜಿ ಸಮ ಮಾಡಿದೆ. ಅಲ್ಲಿ ಒಂದು ಗೆರೆ ಉಬ್ಬಿದ್ದರೂ ಹೊಗೆ ದಾರಿ ಹುಡುಕುತ್ತದೆ.

ಕಾನಸು ಹಾಕುತ್ತಿರುವಾಗ ಹೆಂಡತಿ ಬುತ್ತಿ ತಂದಳು. ಕಬ್ಬಿಣದ ಮೇಲೆ ಇಷ್ಟು ಯಾಕೆ ಹಲ್ಲು ಕಡಿಯುತ್ತೀರಿ ಎಂದು ಕೇಳಿದಳು. ಹೇಳಿಬಿಟ್ಟೆ. ತಗಡು, ತೂತು, ವಾಂತಿ, ಖಾನಾವಳಿ ಎಲ್ಲ. ಅವಳು ಹಲಗೆಯ ಕೆಳಗಿನ ಕಪ್ಪು ಗುಂಡುಗಳನ್ನು ಮುಟ್ಟಿ ನೋಡಿ, ಕೈಯನ್ನು ಅರಿವೆಗೆ ಒರೆಸಿಕೊಂಡಳು. ಹೇಗಿದ್ದರೂ ಈಗ ಸರಿ ಮಾಡುತ್ತಿದ್ದೇನಲ್ಲ, ವಾಸನೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು ಎಂದೆ.

"ಏನ್ ಮುಗೀತ್ರಿ?" ಎಂದಳು. "ನೀವು ಹೊಸಾದು ಹಾಕ್ತೀರಿ, ವಾಸ್ನಿ ಹೋಗತೈತಿ. ಆಮ್ಯಾಲೆ ಎಲ್ಲಾರೂ ಏನಂತಾರ? ಮುದುಕಿ ಹೋದ್ಲು, ಹೊಗಿ ಹೋತು ಅಂತಾರ. ಆಕಿದಽ ತಪ್ಪು ಅಂತ ನೀವಽ ಸಾಕ್ಷಿ ಹೇಳಿದಂಗ ಆತಲ್ರಿ."

ಕಾನಸು ಕೈಯಲ್ಲೇ ಉಳಿಯಿತು. ನನಗೆ ಇದು ಹೊಳೆದೇ ಇರಲಿಲ್ಲ. ಕೆಲಸ ಎಷ್ಟು ಚೊಕ್ಕಟವಾಗಿ ಮಾಡುತ್ತೇನೋ ಅಷ್ಟು ಗಟ್ಟಿಯಾಗಿ ಆಕೆಯ ಮೇಲೆ ಅಪವಾದ ಕೂರುತ್ತದೆ. ರೊಟ್ಟೆವ್ವನನ್ನು ಬಿಡಿಸಿದ ಮರುದಿನದಿಂದಲೇ ರೊಟ್ಟಿ ಸ್ವಚ್ಛ ಎಂದರೆ ಇನ್ನಾವ ಪುರಾವೆ ಬೇಕು? ಬಾಯಿ ಮುಚ್ಚಿ ಮಾಡಿದ ತಪ್ಪನ್ನು ಬಾಯಿ ಮುಚ್ಚಿಕೊಂಡೇ ಸರಿ ಮಾಡಲು ಹೊರಟಿದ್ದೆ.

ಹಳೆಯ ಪೈಪನ್ನು ಗುಜರಿಯ ರಾಶಿಯಿಂದ ಎತ್ತಿ ಬದಿಗಿಟ್ಟೆ. ತಗಡನ್ನು ಬಿಚ್ಚಲಿಲ್ಲ. ಅಕ್ಕನಿಗೆ ಫೋನ್ ಮಾಡಿ, ಹೊಗೆ ಒಲೆಯದ್ದಲ್ಲ, ಕಾರಿನದ್ದು, ತಪ್ಪು ನನ್ನದು, ರೊಟ್ಟೆವ್ವನನ್ನು ವಾಪಸು ಕರೆ, ಖಾನಾವಳಿಯವರಿಗೂ ತಿಳಿಸು ಎಂದೆ. ಮೊದಲು ಅವಳು ನನಗೆ ಬೈದಳು. ಅದು ನನಗೆ ಬೇಕಾಗಿತ್ತು. ಆಮೇಲೆ ಅವಳ ದನಿ ತಗ್ಗಿತು. ಆ ದನಿ ನನಗೆ ಗೊತ್ತು, ಲೆಕ್ಕ ಹಾಕುತ್ತಿದ್ದಾಳೆ.

"ತಮ್ಮಾ, ಕೇಳಿಲ್ಲೆ. ಒಲಿ ಹೊಗಿ ಅಂದ್ರ ಜನ ನಾಕು ದಿನಕ್ಕ ಮರೀತಾರ. ಗಾಡಿ ಹೊಗಿ ತಿನಿಸ್ಯಾರ ಅಂತ ಗೊತ್ತಾದ್ರ ನನ್ನ ರೊಟ್ಟಿ ಯಾಂವ ಮುಟ್ಟತಾನ? ನೀ ಸುಮ್ನ ಕೂಡ್ರಿಸಿ ಕಳಸು."

"ಮತ್ತ ಆ ಮುದುಕಿ?"

"ಮದ್ವಿ ದಿನ ಕಳದ ಮ್ಯಾಲೆ ಕರದ್ರಾತು. ಆಕಿನ್ನ ಯಾರ ಕೇಳ್ತಾರ."

ಫೋನು ಇಟ್ಟೆ. ಅಕ್ಕನ ಮೇಲೆ ಬಂದ ಸಿಟ್ಟನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಅದರೊಳಗೂ ಒಂದು ಮುಳ್ಳಿತ್ತು. ಅವಳು ಹೇಳಿದ್ದೇನು, ನಾನು ನಿನ್ನೆ ಖಾನಾವಳಿಯಲ್ಲಿ ನಿಂತು ಮಾಡಿದ್ದನ್ನೇ ಬಾಯಿಬಿಟ್ಟು ಹೇಳಿದಳು. ಅಷ್ಟೇ.

ಆ ಮಧ್ಯಾಹ್ನ ಅವಸರ ಮಾಡಲಿಲ್ಲ. ಮೂರೂ ಸ್ಟಡ್ಡಿಗೆ ತಾಮ್ರದ ಗ್ರೀಸು ಹಚ್ಚಿದೆ, ಮುಂದೆ ಬಿಚ್ಚುವವರಿಗೆ ನಟ್ಟು ಅಂಟದಿರಲಿ ಎಂದು. ಹೊಸ ಪ್ಯಾಕಿಂಗು ಕೂರಿಸಿ, ಮುಂದಿನ ಪೈಪು ಏರಿಸಿ ನಟ್ಟುಗಳನ್ನು ಕೈಬಿಗಿಗೆ ಬಿಟ್ಟೆ. ನಡುವಿನ ಪೈಪು, ಹಿಂದಿನ ಡಬ್ಬಿ ಒಂದೊಂದನ್ನೇ ರಬ್ಬರ್ ಉಂಗುರಕ್ಕೆ ನೇತುಹಾಕಿ, ಎಲ್ಲೂ ಆಕ್ಸಲಿಗೆ ತಾಗದಂತೆ ತಿರುಗಿಸಿ ನೋಡಿದೆ. ಎಲ್ಲ ತನ್ನ ಜಾಗಕ್ಕೆ ಬಂದ ಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಯುತ್ತಾ ಬಂದೆ. ನೆಲದ ತೂತುಗಳಿಗೆ ತಗಡಿನ ತುಂಡು ಇಟ್ಟು ಬೆಸುಗೆ ಹಾಕಿಸಿದೆ, ರಬ್ಬರ್ ಬಿರಡೆ ಸಾಕಿತ್ತು, ಆದರೂ ಹಾಕಿಸಿದೆ. ಸಾಬೂನು ನೀರು ಕಲಸಿ ಪ್ರತಿ ಜೋಡಣೆಗೂ ಹಚ್ಚಿ, ಎಂಜಿನ್ ಚಾಲೂ ಮಾಡಿ, ಪಂಕ್ಚರ್ ಅಂಗಡಿಯವನಿಂದ ಹಿಂದಿನ ಬಾಯಿಗೆ ಗೋಣಿಚೀಲದ ಗಂಟು ಒತ್ತಿಸಿದೆ. ಹೊಗೆ ಹೊರಬರಲು ದಾರಿ ಸಿಗದೆ ಒತ್ತಡ ಏರಿದಾಗ ಎಲ್ಲಿ ಸೋರಿದರೂ ಗುಳ್ಳೆ ಏಳಬೇಕು. ಎಲ್ಲೂ ಏಳಲಿಲ್ಲ.

ಹಳೆಯ ಪೈಪನ್ನು ಹಿಂದೆ ಹಲಗೆಯ ಮೇಲೆ ಹಾಕಿಕೊಂಡು ಹೊರಟೆ. ಹೆಂಡತಿಯೂ ಬಂದಳು. ಲಕ್ಷ್ಮೇಶ್ವರ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅವಳನ್ನು ಅಕ್ಕನ ಓಣಿಯ ಬಾಯಿಗೆ ಇಳಿಸಿ, ನಾನು ಮೊದಲು ರೊಟ್ಟೆವ್ವನ ಮನೆ ಕೇಳುತ್ತಾ ಹೋದೆ.

ಆಕೆ ಕಟ್ಟೆಯ ಮೇಲೆ ಕೂತು ಕಲ್ಲು ಆರಿಸಿ ಅಕ್ಕಡಿ ಕಾಳು ಹಸನು ಮಾಡುತ್ತಿದ್ದಳು. ಪೈಪನ್ನು ಆಕೆಯ ಮುಂದಿಟ್ಟು ಎಲ್ಲ ಹೇಳಿದೆ. ಆಕೆ ತಗಡಿನ ಸೀಳಿಗೆ ಬೆರಳು ತೂರಿಸಿ, ಹೊರತೆಗೆದು, ಮಸಿಯನ್ನು ಮೂಸಿದಳು.

"ನನ್ನ ಒಲ್ಯಾಗ ಹೊಗಿ ಇದ್ದಿಲ್ಲ ಅನ್ನೂದು ನನಗ ಗೊತ್ತಿತ್ರಿ, ಮೇಸ್ತ್ರಿ. ತಲಿ ತಿರುಗೂದು ಮಾತ್ರ ವಯಸ್ಸಿಂದು ಅಂತ ಮಾಡಿದ್ದೆ. ಇನ್ನೇನ್ ನನ್ನ ದಿನ ತುಂಬಿದ್ವು ಅಂತ ಮಗಳಿಗೂ ಹೇಳಿಟ್ಟಿದ್ದೆ." ಕೈಯನ್ನು ಕಟ್ಟೆಯ ಅಂಚಿಗೆ ಒರೆಸಿದಳು. "ನಾ ಶಿರಹಟ್ಟ್ಯಾಗ ವಾಂತಿ ಮಾಡ್ಕೊಂಡಿದ್ದು ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಆವಾಗ ಬಿಚ್ಚಲಿಲ್ಲ."

"ಇಲ್ಲ."

"ಈಗ್ಯಾಕ ಬಿಚ್ಚಿದ್ರಿ?"

ಬರುವ ದಾರಿಯಲ್ಲಿ ಎಷ್ಟೋ ಮಾತು ಜೋಡಿಸಿಕೊಂಡಿದ್ದೆ. ಅವನ್ನೆಲ್ಲ ಬಿಟ್ಟು ಇದ್ದದ್ದನ್ನೇ ಹೇಳಿದೆ.

"ನನ್ನ ಹೇಂತಿ ಕುಂದ್ರೂದಿತ್ತು, ಯವ್ವಾ."

ಆಕೆ ತಲೆಯಾಡಿಸಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮತ್ತೆ ಕಾಳು ಕೈಗೆತ್ತಿಕೊಂಡು, ನೋಡದೆಯೇ ಹೇಳಿದಳು.

"ಇದನ್ನ ನನ್ನ ಮುಂದ ಹೇಳಿದ್ರ ಏನ್ ಬಂತ್ರಿ? ನನಗ ಗೊತ್ತಿದ್ದುದಽ. ನಕ್ಕಾವರ ಮುಂದ ಹೋಗಿ ಹೇಳ್ರಿ."

ನೀನೂ ಬಾ, ಇದೇ ಕಾರಿನಲ್ಲಿ ಕರೆದೊಯ್ಯುತ್ತೇನೆ ಎಂದೆ. ನಾನು ಬಂದರೆ ನನ್ನ ಸಲುವಾಗಿ ಹೇಳಿದಂತೆ ಆಗುತ್ತದೆ, ಒಬ್ಬರೇ ಹೋಗಿರಿ ಎಂದಳು.

ಕಾರನ್ನು ಅಕ್ಕನ ಬಾಗಿಲಲ್ಲಿ ನಿಲ್ಲಿಸಿ ಕೀಲಿ ಕೊಟ್ಟೆ. ನಾಳೆ ಖಾನಾವಳಿಗೆ ಹೋಗಿ ಹೇಳುತ್ತೇನೆ ಎಂದೂ ಹೇಳಿದೆ. ಅಕ್ಕ ಮೊದಲು ನಂಬಲಿಲ್ಲ. ಆಮೇಲೆ, ಹೇಳಿದರೆ ನನ್ನ ಒಲೆಗೆ ನೀನೇ ನೀರು ಹೊಯ್ದಂತೆ, ನಾನು ಸಾಕಿ ಬೆಳೆಸಿದ್ದು ಇದಕ್ಕೇನು ಎಂದು ಅತ್ತಳು. ಅದು ಸುಳ್ಳಲ್ಲ. ಅವ್ವ ಹಾಸಿಗೆ ಹಿಡಿದ ಮೇಲೆ ನನಗೆ ಉಣ್ಣಿಸಿದವಳು ಅವಳೇ. ನಾನು ಶಾಲೆ ಬಿಟ್ಟಾಗ ಕೈ ಹಿಡಿದು ಗ್ಯಾರೇಜಿಗೆ ಸೇರಿಸಿದವಳೂ ಅವಳೇ.

ರಾತ್ರಿ ಅಲ್ಲೇ ಉಳಿದೆವು; ಮರುದಿನ ಬೆಳಿಗ್ಗೆ ಅಕ್ಕನೂ ನನ್ನ ಹೆಂಡತಿಯೂ ಗಾಡಿಯಲ್ಲಿ ಮುಂಡರಗಿಯ ಮದುವೆಗೆ ಹೋದರು. ನಾನು ಪೈಪು ಹೊತ್ತುಕೊಂಡು ಗದಗದ ಬಸ್ಸು ಏರಿದೆ. ಕಂಡಕ್ಟರ್ ಅದನ್ನು ಮೇಲಿಂದ ಕೆಳಗೆ ನೋಡಿ, ಇದಕ್ಕೂ ಒಂದು ಟಿಕೆಟು ಬೇಕು, ಕಿಟಕಿ ಸೀಟು ಕೊಡಲೋ ಎಂದು ಕೇಳಿದ.

ಊಟದ ಹೊತ್ತಿಗೆ ಖಾನಾವಳಿ ತುಂಬಿತ್ತು. ಬೇಕೆಂದೇ ಆ ಹೊತ್ತಿಗೆ ಹೋದೆ, ಇಲ್ಲದಿದ್ದರೆ ಮಾಲಕರ ಕಿವಿಗಷ್ಟೇ ಹೇಳಿ ಓಡಿಬರುತ್ತಿದ್ದೆ ಎಂದು ನನಗೆ ನನ್ನ ಮೇಲೆ ಗುಮಾನಿ ಇತ್ತು. ಪೈಪನ್ನು ಮಾಲಕರ ಗಲ್ಲಾಪೆಟ್ಟಿಗೆಯ ಮುಂದೆ ನೆಲಕ್ಕಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದೆ. ರೊಟ್ಟಿಗೆ ಹತ್ತಿದ್ದು ಈ ಪೈಪಿನ ಹೊಗೆ, ಇದಕ್ಕೆ ತಗಡು ಸುತ್ತಿದವನು ನಾನು, ಆ ದಿನ ಇಲ್ಲೇ ನಿಂತು ಗೊತ್ತಿದ್ದೂ ಸುಮ್ಮನಿದ್ದವನು ನಾನು, ರೊಟ್ಟೆವ್ವನ ಒಲೆಯಲ್ಲಿ ದೋಷವಿಲ್ಲ. ಧ್ವನಿ ಗಟ್ಟಿಯಾಗಿಯೇ ಬಂತು, ಸಿಟ್ಟಿಗಾದರೂ ಅಷ್ಟು ಉಪಯೋಗವಾಯಿತು.

ಬೀಡಿಯ ಮಾತಾಡಿದವನು ಆ ದಿನ ಇರಲಿಲ್ಲ. ಇದ್ದವರಲ್ಲಿ ಕೆಲವರು ತುತ್ತು ನಿಲ್ಲಿಸಿ ನೋಡಿದರು, ಕೆಲವರು ತಾಟು ದೂರ ಸರಿಸಿದರು. ಮಾಲಕರು ಪೈಪನ್ನು ಕಾಲಿನಿಂದ ಹೊರಳಿಸಿ ನೋಡಿ, ಇದನ್ನು ನಿನ್ನ ಅಕ್ಕ ಯಾಕೆ ಬಂದು ಹೇಳಲಿಲ್ಲ ಎಂದು ಕೇಳಿದರು. ಅವಳಿಗೂ ಗೊತ್ತಿರಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹಿಂದಿನ ದಿನ ನಾನು ಫೋನ್ ಮಾಡುವವರೆಗೆ ಅದು ಖರೆಯೂ ಆಗಿತ್ತು. ನನಗೆ ಆ ಹೊತ್ತಿನಲ್ಲಿ ಅಕ್ಕನ ಫೋನಿನ ಮಾತೇ ಕಿವಿಯಲ್ಲಿತ್ತು. ಉತ್ತರ ಕೊಡಲಿಲ್ಲ. ಅಕ್ಕ ಗೊತ್ತಿದ್ದೇ ಮುಚ್ಚಿಟ್ಟಳು ಎಂದು ಮಾಲಕರು ತಾವೇ ಅರ್ಥ ಮಾಡಿಕೊಂಡರು.

ಅಕ್ಕನ ರೊಟ್ಟಿ ಆ ಖಾನಾವಳಿಗೆ ನಿಂತಿತು. ಮಾಲಕರು ಆಳು ಕಳಿಸಿ ರೊಟ್ಟೆವ್ವನ ಮನೆ ಹುಡುಕಿಸಿ, ಆಕೆಯಿಂದಲೇ ನೇರ ತರಿಸಲು ಶುರುಮಾಡಿದರು. ಈಗ ಆಕೆ, ಮಗಳು, ಇನ್ನೊಬ್ಬಾಕೆ ಸೇರಿ ಬಡಿಯುತ್ತಾರೆ. ಅಕ್ಕನ ಮನೆಯ ಮೂರು ಒಲೆಗಳಲ್ಲಿ ಒಂದು ಆರಿದೆ. ಅವಳು ಈಗ ಕಾರನ್ನು ಲಕ್ಷ್ಮೇಶ್ವರದಲ್ಲೇ ರಿಪೇರಿ ಮಾಡಿಸುತ್ತಾಳೆ. ಹೆಂಡತಿಯ ಫೋನಿಗೆ ಮಾತಾಡುತ್ತಾಳೆ, ನನಗೆ ಕೊಡು ಎಂದರೆ ಇಡುತ್ತಾಳೆ. ನನ್ನ ಸಿಟ್ಟೂ ಪೂರಾ ಇಳಿದಿಲ್ಲ. ಒಮ್ಮೆ ಬಾಯಿ ತೆರೆಯಬೇಕಾದಲ್ಲಿ ಮುಚ್ಚಿಕೊಂಡೆ. ಇನ್ನೊಮ್ಮೆ ಅಕ್ಕನ ಪರವಾಗಿ ಒಂದು ಮಾತು ಆಡಬೇಕಾದಲ್ಲಿ ಮತ್ತೆ ಮುಚ್ಚಿಕೊಂಡೆ. ಎರಡನೆಯದನ್ನು ಯಾರ ಮುಂದೆ ಹೋಗಿ ಹೇಳಬೇಕೋ ತಿಳಿಯುತ್ತಿಲ್ಲ.

ಮೊನ್ನೆ ಅಕ್ಕನಿಗೆ ಜ್ವರ ಬಂದಿತ್ತು. ಶಿರಹಟ್ಟಿಯ ಅಂಗಡಿಗಳಿಗೆ ರೊಟ್ಟಿ ಮುಟ್ಟಿಸಲು ಅವಳು ಹೆಂಡತಿಯ ಮೂಲಕ ನನಗೆ ಹೇಳಿಕಳಿಸಿದ್ದಳು. ಹೋಗಿ ಇಳಿಸಿ, ಗ್ಯಾರೇಜಿಗೆಂದು ಗದಗದ ಕಡೆ ಖಾಲಿ ಕಾರು ತಿರುಗಿಸಿದಾಗ ಶಿರಹಟ್ಟಿಯ ಬಸ್‌ಸ್ಟ್ಯಾಂಡಿನ ಹೊರಗೆ ರೊಟ್ಟೆವ್ವ ನಿಂತಿದ್ದಳು. ಲಕ್ಷ್ಮೇಶ್ವರದಿಂದ ಬಂದ ಬಸ್ಸು ಅಲ್ಲೇ ಕೆಟ್ಟು ನಿಂತಿತ್ತು. ಕಾಲ ಬಳಿ ಅರಿವೆ ಸುತ್ತಿದ ಪೆಂಡಿಗಳಿದ್ದವು. ಬಿಸಿಲು ಜೋರಿತ್ತು, ಊಟದ ಹೊತ್ತು ಹತ್ತಿರವಾಗಿತ್ತು. ಕಾರು ನಿಲ್ಲಿಸಿ ಹತ್ತು ಎಂದೆ. ಮುಂದೆ ಕೂತುಕೋ, ಪೆಂಡಿ ನಾನು ಹಿಂದೆ ಇಡುತ್ತೇನೆ ಎಂದೆ.

ಆಕೆ ಕಾರಿನ ಹಿಂದಕ್ಕೆ ಹೋದಳು. ಮೊಣಕಾಲಿಗೆ ಕೈಕೊಟ್ಟು ಬಗ್ಗಿ, ಎಂಜಿನ್ ಓಡುತ್ತಿದ್ದ ಕಾರಿನ ಕೆಳಗೆ ಒಂದಿಷ್ಟು ಹೊತ್ತು ನೋಡಿದಳು. ಬಾಗಿಲು ತೆಗೆದು ಹಲಗೆಯ ಹತ್ತಿರ ಮೂಗು ತಂದು ಮೂಸಿದಳು. ಬಾಗಿಲು ಮುಚ್ಚಿದಳು.

"ಛಲೋ ಕೂಡ್ರಿಸೀರಿ," ಎಂದಳು.

ಆಮೇಲೆ ತನ್ನ ಪೆಂಡಿಗಳ ಹತ್ತಿರ ಹೋಗಿ, ಸೆರಗು ತಲೆಯ ಮೇಲೆ ಎಳೆದುಕೊಂಡು ನಿಂತಳು.

"ಇನ್ನೊಂದು ಬಸ್ ಬರ್ತೈತಂತ್ರಿ. ನೀವು ನಡೀರಿ."